ಮೆಹಂದಿ ಇಳಿಸಲು ಹೊರಟವರಿಗೆ ಒಂದು ಬಹಿರಂಗ ಪತ್ರ

ತಲೆಗೆ ಹಚ್ಚಿದ ಮೆಹಂದಿಯನ್ನೋ ಡೈಯನ್ನೋ ಮನೆಯಲ್ಲೇ ತಿಳಿ ಮಾಡಿಕೊಳ್ಳಲು ಹೊರಟಿರುವ ಅಕ್ಕ-ತಂಗಿಯರಿಗೆ, ಹೆಂಡತಿಯ ಬಟ್ಟಲಲ್ಲಿ ಉಳಿದದ್ದನ್ನು ಮೀಸೆಗೆ ಬಳಿದುಕೊಳ್ಳುವ ಅಣ್ಣಂದಿರಿಗೆ,



ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ನಮ್ಮ ಪಾರ್ಲರಿಗೆ ಬರುವ ಫೋನುಗಳ ಧಾಟಿ ಬದಲಾಗುತ್ತದೆ. ಬಣ್ಣ ಹಚ್ಚಿಕೊಡ್ತೀರಾ ಎಂದು ಕೇಳುವವರಿಗಿಂತ ಹಚ್ಚಿದ್ದನ್ನು ತೆಗೀಬಹುದಾ ಎಂದು ಕೇಳುವವರೇ ಜಾಸ್ತಿ. ಒಬ್ಬರಿಗೆ ಮೆಹಂದಿ ಕೆಂಪೇರಿ, ಬಿಸಿಲಿಗೆ ನಿಂತರೆ ನೆತ್ತಿ ಕಿತ್ತಳೆ ಹೊಡೆಯುತ್ತದೆ. ಇನ್ನೊಬ್ಬರಿಗೆ ಡೈ ಕಡುಗಪ್ಪಾಗಿ ಕೂತು, ಮುಖಕ್ಕೂ ಕೂದಲಿಗೂ ಹೊಂದಾಣಿಕೆಯೇ ಇಲ್ಲದಂತಾಗಿದೆ. ಮತ್ತೊಬ್ಬರಿಗೆ ಹದಿನೈದು ದಿನಕ್ಕೊಮ್ಮೆ ಡೈ ಹಚ್ಚಿ ಹಚ್ಚಿ ಸಾಕಾಗಿದೆ, ನರೆ ಬಂದರೆ ಬರಲಿ, ಇದೊಂದು ಹೋಗಲಿ ಅನ್ನುತ್ತಾರೆ. ಎಲ್ಲರೂ ಕೊನೆಗೆ ಕೇಳುವುದು ಒಂದೇ: ಮನೆಯಲ್ಲೇ ಏನಾದರೂ ಮಾಡಬಹುದಾ?

ಮಾಡಬಹುದು. ಆದರೆ ಏನು ಮಾಡಬಹುದು ಅನ್ನುವುದು ನಿಮಗೆ ಯಾವ ಬಣ್ಣ ಬೇಕು ಅನ್ನುವುದರ ಮೇಲೆ ನಿಂತಿಲ್ಲ, ನಿಮ್ಮ ತಲೆಯಲ್ಲಿ ಈಗಾಗಲೇ ಏನಿದೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಏನು ಹಚ್ಚಿದ್ದಿರಿ ಎಂದು ಕೇಳಿದರೆ ಮೆಹಂದಿ ಅನ್ನುತ್ತೀರಿ. ಯಾವ ಮೆಹಂದಿ ಅಂದರೆ ಹಸಿರು ಪ್ಯಾಕೆಟ್ಟಿನದು ಅನ್ನುತ್ತೀರಿ. ಅಂಗಡಿಯಲ್ಲಿರುವ ಮುಕ್ಕಾಲು ಪ್ಯಾಕೆಟ್ಟುಗಳು ಹಸಿರೇ.

ಮೊದಲು ಅಪ್ಪಟ ಮೆಹಂದಿಯ ವಿಷಯ. ಗೋರಂಟಿ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ಅಂಶ ನೂರಕ್ಕೆ ಒಂದೆರಡು ಪಾಲಿನಷ್ಟು ಇರುತ್ತದೆ, ಅಷ್ಟೇ. ಆ ಒಂದೆರಡು ಪಾಲು ಕೂದಲಿನ ಕೆರಟಿನ್‌ಗೆ ರಾಸಾಯನಿಕವಾಗಿ ಅಂಟಿಕೊಂಡುಬಿಡುತ್ತದೆ. ಗೋಡೆಗೆ ಸುಣ್ಣ ಹೊಡೆದ ಹಾಗಲ್ಲ ಅದು, ಕೆರೆದರೆ ಬರುವುದಿಲ್ಲ. ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೂ ಹಚ್ಚಿದರೆ ತುದಿಗೂದಲು ಪ್ರತಿ ಸಲವೂ ಇನ್ನಷ್ಟು ಬಣ್ಣ ಕುಡಿದು ಕಡುಗೆಂಪಾಗುತ್ತಾ ಹೋಗುತ್ತದೆ. ಬುಡ ಒಂದು ಬಣ್ಣ, ತುದಿ ಒಂದು ಬಣ್ಣ ಆಗುವುದು ಹೀಗೆ.

ಅಪ್ಪಟ ಮೆಹಂದಿ ನರೆಗೂದಲಿಗೆ ಎಂಥ ಬಣ್ಣ ಕೊಡುತ್ತದೆ ಎಂದು ನೋಡಬೇಕಾದರೆ ಕಲಬುರಗಿ, ಬೀದರಿನ ಕಡೆ ಮಸೀದಿಯಿಂದ ಹೊರಬರುವ ಹಿರಿಯರ ಗಡ್ಡ ನೋಡಿ. ಕಿತ್ತಳೆ ಕೆಂಪು. ಅದು ಮೆಹಂದಿಯ ನಿಜವಾದ ಬಣ್ಣ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನಲ್ಲಿ ಬೆಳೆಯುವ ಮೆಹಂದಿಗೆ 2021ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅಷ್ಟು ಹೆಸರಾದ ಆ ಎಲೆಯೂ ನರೆಯನ್ನು ಕೆಂಪು ಮಾಡುತ್ತದೆಯೇ ಹೊರತು ಕಪ್ಪು ಮಾಡುವುದಿಲ್ಲ. ಹಾಗಾಗಿ ನಿಮ್ಮ ಮೆಹಂದಿ ಒಂದೇ ಗಂಟೆಯಲ್ಲಿ ನರೆಯನ್ನು ಕರ್ರಗೆ ಮಾಡಿದ್ದರೆ ಅದರೊಳಗೆ ಗೋರಂಟಿಯ ಜೊತೆ ಬೇರೆ ಯಾರೋ ಕೂತಿದ್ದಾರೆ.

ಅವರು ಯಾರು ಎಂದು ಪ್ಯಾಕೆಟ್ಟಿನ ಹಿಂಬದಿಯಲ್ಲಿ ಬರೆದಿರುತ್ತದೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಪ್ಯಾರಾ ಫಿನಿಲೀನ್ ಡೈಅಮೈನ್, ಚಿಕ್ಕದಾಗಿ ಪಿಪಿಡಿ. ಜೊತೆಗೆ ಎಷ್ಟೋ ಸಲ ಬೇರಿಯಂ ಪೆರಾಕ್ಸೈಡ್. ಅಂದರೆ ಅದು ಡೈ. ಮುಂಬದಿಯಲ್ಲಿ ಎಲೆಯ ಚಿತ್ರ ಹಾಕಿದ ಡೈ. ಡೈ ಹಚ್ಚುವುದು ತಪ್ಪು ಎಂದು ನಾನು ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಅದು. ಡೈ ಹಚ್ಚಿ ಮೆಹಂದಿ ಹಚ್ಚಿದೆ ಎಂದುಕೊಳ್ಳುವುದು ಮಾತ್ರ ತಾಪತ್ರಯಕ್ಕೆ ದಾರಿ, ಯಾಕೆಂದರೆ ಇವೆರಡನ್ನೂ ಇಳಿಸುವ ಕ್ರಮ ಬೇರೆ ಬೇರೆ.

ಸ್ವಲ್ಪ ಹುಷಾರಿನವರು ಪಿಪಿಡಿ ಬೇಡವೆಂದು ಮೆಹಂದಿಯ ಮೇಲೆ ಇಂಡಿಗೊ, ಅಂದರೆ ನೀಲಿ ಗಿಡದ ಪುಡಿ ಹಚ್ಚುತ್ತಾರೆ. ಕೆಂಪಿನ ಮೇಲೆ ನೀಲಿ ಕೂತು ಕಪ್ಪಾಗುತ್ತದೆ. ಹಚ್ಚುವಾಗ ಇದು ಒಳ್ಳೆಯ ದಾರಿಯೇ. ತೆಗೆಯುವಾಗಲೇ ಫಜೀತಿ. ಬ್ಲೀಚ್ ತಾಗಿದರೆ ಆ ಕಪ್ಪು ಹಸಿರಿಗೆ ತಿರುಗಬಹುದು. ಪಾಚಿ ಹಸಿರು. ಅದನ್ನು ಮುಚ್ಚಲು ಮತ್ತೆ ಬಣ್ಣ, ಆ ಬಣ್ಣ ಹಿಡಿಯದೆ ಮತ್ತೊಂದು. ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ಇಂಥ ತಲೆ ನಮ್ಮ ಕುರ್ಚಿಗೆ ಬಂದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

ಇನ್ನು ಮೆಹಂದಿಗೆ ಲೋಹದ ಲವಣ ಬೆರೆಸುವ ಹಳೆಯ ಚಾಳಿಯೊಂದಿದೆ. ಸೀಸ, ಬೆಳ್ಳಿ, ತಾಮ್ರದ ಲವಣಗಳು. ಬಣ್ಣಕ್ಕಾಗಿ ಸೀಸವನ್ನೋ ಆರ್ಸೆನಿಕ್ಕನ್ನೋ ಸೌಂದರ್ಯವರ್ಧಕಗಳಲ್ಲಿ ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಅಮೆರಿಕದಲ್ಲಿ ತಲೆಗೂದಲ ಬಣ್ಣದಲ್ಲಿ ಸೀಸದ ಲವಣವಾದ ಲೆಡ್ ಅಸಿಟೇಟಿಗೆ ಇದ್ದ ಅನುಮತಿಯನ್ನು 2018ರಲ್ಲಷ್ಟೇ ಹಿಂತೆಗೆದುಕೊಂಡರು. ಕಾನೂನು ಹೀಗಿದ್ದರೂ, ಜಾತ್ರೆಯಲ್ಲಿ ತೂಕಕ್ಕೆ ಕೊಂಡ, ಹೆಸರು ವಿಳಾಸ ಏನೂ ಇಲ್ಲದ ಪುಡಿಯಲ್ಲಿ ಏನಿದೆ ಎಂದು ಹೇಳುವವರು ಯಾರು? ಲೋಹದ ಲವಣ ಕೂತ ಕೂದಲಿಗೆ ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ಬಿಸಿಯೇರುತ್ತದೆ, ನೊರೆ ಬರುತ್ತದೆ, ಒಮ್ಮೊಮ್ಮೆ ಹೊಗೆಯೂ ಆಡುತ್ತದೆ. ಕೂದಲು ಕಿತ್ತು ಕೈಗೆ ಬರುತ್ತದೆ. ನೆತ್ತಿ ಸುಡುತ್ತದೆ.

ನಮ್ಮ ಅಡುಗೆಮನೆಯ ಬಾಣಲೆಯನ್ನೂ ಇಲ್ಲೇ ವಿಚಾರಿಸಿಕೊಳ್ಳಬೇಕು. ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ಮೆಹಂದಿ ಪುಡಿ ಹಾಕಿ, ಟೀ ಡಿಕಾಕ್ಷನ್ ಸುರಿದು, ನಿಂಬೆ ಹಿಂಡಿ, ಮೊಸರು ಕಲಸಿ, ಬೆಳಗಿನವರೆಗೆ ಮುಚ್ಚಿಡುತ್ತೀರಲ್ಲ, ಬೆಳಿಗ್ಗೆ ಅಂಚಿನಲ್ಲಿ ಕರ್ರಗಿನ ಪದರ ಕಟ್ಟಿರುತ್ತದೆ. ನಿಂಬೆ, ಮೊಸರಿನ ಹುಳಿಗೆ ಬಾಣಲೆಯ ಕಬ್ಬಿಣ ಕರಗಿ, ಟೀಯ ಒಗರಿನ ಜೊತೆ ಸೇರಿ ಆದ ಕಪ್ಪು ಅದು. ಅಜ್ಜಿಯ ಕಾಲದಿಂದ ಬಂದ ಉಪಾಯ, ಮೆಹಂದಿಯ ಕೆಂಪನ್ನು ಸ್ವಲ್ಪ ಅಡಗಿಸುತ್ತದೆ, ತಂಟೆಯೇನಿಲ್ಲ. ಆದರೆ ಆ ಕಬ್ಬಿಣ ಕೂದಲಲ್ಲೂ ಅಷ್ಟಿಷ್ಟು ಉಳಿಯುತ್ತದೆ. ಮುಂದೆ ಅದೇ ಕೂದಲಿಗೆ ಪೆರಾಕ್ಸೈಡ್ ಹಾಕಿದರೆ ಕಬ್ಬಿಣ ಆ ಕ್ರಿಯೆಯನ್ನು ಕೆರಳಿಸುತ್ತದೆ, ಬಣ್ಣ ಹೋಗುವುದಕ್ಕಿಂತ ಮೊದಲು ಕೂದಲು ಸೊರಗುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲೇ ತಲೆ ತೊಳೆಯುವವರ ಕೂದಲಿಗೆ ನೀರಿನ ಖನಿಜದ ಪದರವೂ ಸೇರಿರುತ್ತದೆ.

ಹೀಗಾಗಿ ತಲೆಗೆ ಏನಾದರೂ ಸುರಿಯುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಕತ್ತಿನ ಹಿಂದೆ, ಜಡೆಯ ಒಳಗಡೆ, ಕಾಣದ ಜಾಗದಿಂದ ಹತ್ತಿಪ್ಪತ್ತು ಎಳೆ ಕೂದಲು ಕತ್ತರಿಸಿಕೊಳ್ಳಿ. ಬಾಚಣಿಗೆಯಲ್ಲಿ ಉಳಿದದ್ದಾದರೂ ನಡೆಯುತ್ತದೆ. ಒಂದು ತುದಿಗೆ ದಾರ ಕಟ್ಟಿ. ಗಾಜಿನದೋ ಪಿಂಗಾಣಿಯದೋ ಬಟ್ಟಲು ತೆಗೆದುಕೊಳ್ಳಿ, ಸ್ಟೀಲ್ ಬೇಡ. ನೀವು ತಲೆಗೆ ಹಾಕಬೇಕೆಂದಿರುವ ಬ್ಲೀಚನ್ನೇ ಅದರ ಜೊತೆ ಬರುವ ಸೂಚನೆಯ ಚೀಟಿಯಲ್ಲಿ ಹೇಳಿದಂತೆ ಒಂದೆರಡು ಚಮಚದಷ್ಟು ಕಲಸಿ, ಆ ಕೂದಲನ್ನು ಅದರಲ್ಲಿ ಮುಳುಗಿಸಿ, ಕಿಟಕಿಯ ಬಳಿ ಇಟ್ಟು ಅರ್ಧ ಗಂಟೆ ಕಾಯಿರಿ. ಆಗಾಗ ಬಟ್ಟಲ ಹೊರಮೈ ಮುಟ್ಟಿ ನೋಡಿ. ಬಿಸಿಯಾಯಿತೇ, ಗುಳ್ಳೆ ಏಳುತ್ತಿದೆಯೇ, ವಿಚಿತ್ರ ವಾಸನೆ ಬಂತೇ? ಅಲ್ಲಿಗೆ ಆ ಯೋಚನೆ ಬಿಟ್ಟುಬಿಡಿ, ಲೋಹ ಇದೆ. ಕೂದಲು ಹಸಿರಿಗೆ ತಿರುಗಿತೇ? ಇಂಡಿಗೊ ಇದೆ. ಕಿತ್ತಳೆಗೆ ಬಂದು ಅಲ್ಲೇ ನಿಂತು ಮುಂದಕ್ಕೆ ಹೋಗುತ್ತಿಲ್ಲವೇ? ಬಹುತೇಕ ಮೆಹಂದಿಯೇ. ಕೊನೆಗೆ ತೊಳೆದು, ಒದ್ದೆ ಇರುವಾಗಲೇ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿಯಾಗಿದ್ದರೆ ಸರಿ. ನೆನೆದ ಶಾವಿಗೆಯಂತೆ ಉದ್ದಕ್ಕೆ ಜಗ್ಗಿ ತುಂಡಾದರೆ, ತಲೆಯ ಮೇಲೂ ಆಗುವುದು ಅದೇ.

ಈ ಅರ್ಧ ಗಂಟೆ ಕಾಯುವ ತಾಳ್ಮೆ ಇಲ್ಲದೆ ನೇರ ತಲೆಗೇ ಹಚ್ಚಿ, ಆಮೇಲೆ ಪೂರ್ತಿ ಕತ್ತರಿಸಿಕೊಳ್ಳಲು ಬಂದವರನ್ನು ನಾನು ಬಲ್ಲೆ. ಮೊಣಕಾಲು ಮುಟ್ಟುವ ಜಡೆ ಇದ್ದವರನ್ನೂ.

ಪೆಟ್ಟಿಗೆಯಲ್ಲಿ ಬರುವ ಕ್ರೀಮ್ ಡೈಯ ವಿಷಯ ಬೇರೆ. 1907ರಲ್ಲಿ ಪ್ಯಾರಿಸ್ಸಿನಲ್ಲಿ ಯೂಜೀನ್ ಶುಲ್ಲೇರ್ ಎಂಬ ರಸಾಯನ ತಜ್ಞ ತಯಾರಿಸಿ ಕ್ಷೌರದ ಅಂಗಡಿಗಳಿಗೆ ಮಾರಲು ಶುರುಮಾಡಿದ ಬಣ್ಣದಿಂದಲೇ ಮುಂದೆ ಲೋರಿಯಲ್ ಕಂಪನಿ ಬೆಳೆಯಿತು. ಇವತ್ತಿನ ಪೆಟ್ಟಿಗೆಗಳೂ ಹೆಚ್ಚುಕಡಿಮೆ ಅದೇ ಜಾತಿಯವು. ಅಮೋನಿಯಾ ಕೂದಲಿನ ಹೊರಪದರ ಸಡಿಲಿಸುತ್ತದೆ, ಸಣ್ಣ ಸಣ್ಣ ಅಣುಗಳು ಒಳನುಗ್ಗುತ್ತವೆ, ಪೆರಾಕ್ಸೈಡ್ ಅವನ್ನು ಒಳಗೇ ದೊಡ್ಡದು ಮಾಡಿ ಕೂರಿಸುತ್ತದೆ. ಒಳಗೆ ಹೋದ ಬಾಗಿಲಿನಿಂದ ಹೊರಗೆ ಬರಲಾಗದಷ್ಟು ದೊಡ್ಡದು.

ಕಪ್ಪು ಡೈ ಜಾಸ್ತಿಯಾಯಿತು ಎಂದು ಅದರ ಮೇಲೆ ಬ್ರೌನ್ ಡೈ ಹಚ್ಚುವವರು ಬಹಳ. ಹಣ ದಂಡ. ಡೈ ಡೈಯನ್ನು ತೆಗೆಯುವುದಿಲ್ಲ. ಹೊಸದಾಗಿ ಬಂದ ಬುಡಗೂದಲು ಮಾತ್ರ ಬ್ರೌನ್ ಆಗಿ, ಉಳಿದದ್ದು ಕಪ್ಪಾಗಿಯೇ ನಿಂತು, ತಲೆಗೆ ಪಟ್ಟಿ ಕಟ್ಟಿದಂತೆ ಎದ್ದು ಕಾಣುತ್ತದೆ. ಕ್ರೀಮ್ ಡೈ ಇಳಿಸಲು ಗಂಧಕದ ಸಂಯುಕ್ತಗಳಿರುವ ಕಲರ್ ರಿಮೂವರ್ ಸಿಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದರಿಂದ ಗುರುತು ಹಿಡಿಯಬಹುದು. ಅದು ದೊಡ್ಡದಾದ ಅಣುಗಳನ್ನು ಮತ್ತೆ ಚಿಕ್ಕದು ಮಾಡುತ್ತದೆ. ಆಮೇಲೆ ಹೇರಳ ನೀರಿನಲ್ಲಿ, ಕೈ ಸೋಲುವವರೆಗೆ, ತೊಳೆಯಬೇಕು. ಅರೆಬರೆ ತೊಳೆದರೆ ಒಳಗುಳಿದ ಅಣುಗಳು ಗಾಳಿಗೆ ಮತ್ತೆ ಕಪ್ಪಾಗುತ್ತವೆ. ಮೆಹಂದಿ ಇಳಿಸುವ ದಮ್ಮು ಮಾತ್ರ ಈ ರಿಮೂವರಿಗಿಲ್ಲ. ಮತ್ತೊಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಡೈ ಹೋದ ಮೇಲೆ ಕೆಳಗೆ ನಿಮ್ಮ ಹಳೆಯ ಕಪ್ಪು ಕೂದಲು ಕಾದು ಕೂತಿರುವುದಿಲ್ಲ. ಡೈ ಹಚ್ಚಿದಾಗಲೆಲ್ಲ ಪೆರಾಕ್ಸೈಡ್ ನಿಮ್ಮ ಸ್ವಂತ ಬಣ್ಣವನ್ನೂ ಅಷ್ಟಷ್ಟು ತಿಂದಿರುತ್ತದೆ. ಸಿಗುವುದು ತುಕ್ಕು ಬಣ್ಣದ ಕೂದಲು.

ವಿಟಮಿನ್ ಸಿ ಪುಡಿಯನ್ನು ಶಾಂಪೂ ಜೊತೆ ಕಲಸಿ ಹಚ್ಚುವುದು ಪರವಾಗಿಲ್ಲ, ವಾರದೊಳಗಿನ ಡೈಯನ್ನು ಕೊಂಚ ಮಸುಕು ಮಾಡುತ್ತದೆ. ಚೀಪುವ ಮಾತ್ರೆ ಅರೆದು ಹಾಕಬೇಡಿ, ಅದರಲ್ಲಿ ಸಕ್ಕರೆಯೂ ಬಣ್ಣವೂ ಇರುತ್ತದೆ. ತಲೆಯಲ್ಲಿ ಗಾಯ, ತುರಿಕೆ ಇದ್ದರೆ ಉರಿಯುತ್ತದೆ. ಜೇನುತುಪ್ಪಕ್ಕೆ ನೀರು ಬೆರೆಸಿದರೆ ಅದರಲ್ಲಿ ಒಂಚೂರು ಪೆರಾಕ್ಸೈಡ್ ಹುಟ್ಟುವುದು ನಿಜ, ಆದರೆ ಅಷ್ಟಕ್ಕೆ ಮೆಹಂದಿ ಜಗ್ಗುವುದಿಲ್ಲ. ಜೇನಿನ ಬೆಲೆ ನೋಡಿದರೆ ದೋಸೆಗೆ ಹಾಕಿಕೊಂಡು ತಿನ್ನುವುದೇ ವಾಸಿ. ಅಡುಗೆ ಸೋಡಾ ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಕೂದಲಿನ ಹೊರಪದರವನ್ನು ಒರಟು ಮಾಡುತ್ತವೆ. ಬಣ್ಣ ಸ್ವಲ್ಪ ಇಳಿದಂತೆ ಕಾಣುವುದರಲ್ಲಿ ಅರ್ಧ, ಹೊಳಪು ಹೋಗಿ ಮಂಕಾದದ್ದರಿಂದ. ನಿಂಬೆರಸ ಸವರಿ ಮಹಡಿಯ ಮೇಲೆ ಬಿಸಿಲಿಗೆ ಕೂರುವ ಉಪಾಯ ನಮ್ಮ ಏಪ್ರಿಲ್ ತಿಂಗಳಿಗೆ ಖಂಡಿತ ಬೇಡ. ಹಣೆಗೆ, ಕತ್ತಿಗೆ ಇಳಿದ ನಿಂಬೆರಸಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಬಂದು, ಆ ಕಲೆ ವಾರಗಟ್ಟಲೆ ಉಳಿಯುತ್ತದೆ.

ಬ್ಲೀಚಿನ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಮುಖಕ್ಕೆ ಹಚ್ಚುವ ಬ್ಲೀಚ್ ಕ್ರೀಮು ಮುಖದ ನಯವಾದ ರೋಮಕ್ಕೆ ಮಾಡಿದ್ದು, ತಲೆಗಲ್ಲ. ಪಂಚಾಯಿತಿಯವರು ಚರಂಡಿಗೆ ಹಾಕುವ, ನೀವು ಬಚ್ಚಲಿಗೆ ಹಾಕುವ ಬ್ಲೀಚಿಂಗ್ ಪೌಡರಂತೂ ಕ್ಲೋರಿನ್ನಿನ ಸಂತಾನ, ಅದನ್ನು ತಲೆಯ ಹತ್ತಿರ ತರಲೇಬೇಡಿ. ತಲೆಗೂದಲಿಗೆ ಬಳಸುವುದು ಪರ್‌ಸಲ್ಫೇಟ್ ಇರುವ ಪುಡಿ, ಅದಕ್ಕೆ ಪೆರಾಕ್ಸೈಡಿನ ಡೆವಲಪರ್ ಕಲಸಬೇಕು. ಡೆವಲಪರ್ ಬಾಟಲಿಯ ಮೇಲೆ 10, 20, 30, 40 ವಾಲ್ಯೂಮ್ ಎಂದು ಬರೆದಿರುತ್ತದೆ. ಅಂದರೆ ಕ್ರಮವಾಗಿ ಶೇ 3, 6, 9, 12ರಷ್ಟು ಪೆರಾಕ್ಸೈಡ್. ಗಾಯ ತೊಳೆಯಲೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಶೇ 6ರ ಬಾಟಲಿಯೂ 20 ವಾಲ್ಯೂಮೇ. ಔಷಧಿ ಅಂಗಡಿಯದು, ಹಾಗಾಗಿ ಮೃದು ಎಂದುಕೊಂಡು ಸುರಿದುಕೊಳ್ಳುತ್ತಾರೆ. ಮನೆಯಲ್ಲಿ 20ರ ಮೇಲಕ್ಕೆ ಹೋಗಬೇಡಿ. ಬೇಗ ಆಗಲೆಂದು ಪ್ಲಾಸ್ಟಿಕ್ ಸುತ್ತಿ ಡ್ರೈಯರ್ ಹಿಡಿಯಬೇಡಿ. ಬುಡಕ್ಕೆ ತಾಗಿಸಬೇಡಿ. ಸ್ಟ್ರೈಟನಿಂಗ್ ಮಾಡಿಸಿದ ಕೂದಲಾಗಿದ್ದರೆ ಬ್ಲೀಚಿನ ಮಾತೇ ಬೇಡ, ಒಂದು ರಾಸಾಯನಿಕ ಸಡಿಲ ಮಾಡಿಟ್ಟ ಕೂದಲನ್ನು ಇನ್ನೊಂದು ಮುರಿದು ಹಾಕುತ್ತದೆ. ಡೈ ಹಚ್ಚಿದಾಗ ಎಂದಾದರೂ ನೆತ್ತಿ ತುರಿಸಿ, ಕಣ್ಣುರೆಪ್ಪೆ ಊದಿಕೊಂಡಿದ್ದರೆ ಅದು ಪಿಪಿಡಿ ಒಗ್ಗದಿರುವ ಲಕ್ಷಣ. ಒಮ್ಮೆ ಒಗ್ಗದಿದ್ದರೆ ಮತ್ತೆಂದೂ ಒಗ್ಗುವುದಿಲ್ಲ. ಮೊದಲು ಚರ್ಮದ ಡಾಕ್ಟರನ್ನು ನೋಡಿ, ಬಣ್ಣ ಆಮೇಲೆ.

ಹಾಗಾದರೆ ಏನು ಮಾಡಬೇಕು ಹೇಳಿ ಎಂದರೆ, ಮೆಹಂದಿ ಹಚ್ಚಿ ಎರಡು ಮೂರು ದಿನ ಆಗಿಲ್ಲದಿದ್ದರೆ ಈಗಲೇ ಎದ್ದು ಕೊಬ್ಬರಿ ಎಣ್ಣೆ ತನ್ನಿ. ಮೆಹಂದಿಯ ಬಣ್ಣ ಗಾಳಿಗೆ ಪೂರ್ತಿ ಬಲಿಯಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ, ಕೂದಲು ತೊಯ್ಯುವಷ್ಟು ಹಚ್ಚಿ, ಬಟ್ಟೆ ಕಟ್ಟಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಸೀಗೆಕಾಯಿಯಲ್ಲೋ ಶಾಂಪೂವಿನಲ್ಲೋ ಎರಡು ಸಲ ತೊಳೆದರೆ ಒಂದು ಛಾಯೆ ಇಳಿಯಬಹುದು. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕಿತ್ತಳೆ ಕಣ್ಣಿಗೆ ಹೊಡೆಯುವುದು ನಿಲ್ಲುತ್ತದೆ. ಹಳೆಯ ಮೆಹಂದಿಗೆ ಎಣ್ಣೆ ಇಷ್ಟೂ ಮಾಡುವುದಿಲ್ಲ, ಆದರೆ ಕೂದಲಿಗೆ ಹಾನಿಯಂತೂ ಇಲ್ಲ.

ಹಳೆಯ ಮೆಹಂದಿಯ ಕೆಂಪು ಬಹಳ ಕಾಡುತ್ತಿದ್ದರೆ ನನ್ನ ಸಲಹೆ, ತಿಳಿ ಮಾಡಲು ಹೋಗಬೇಡಿ, ಗಾಢ ಮಾಡಿ. ಕಡು ಕಂದು ಮಾಡಿಸಿಕೊಂಡರೆ ಕೆಂಪು ಒಳಗೆ ಅಡಗಿ, ಬಿಸಿಲಲ್ಲಿ ಮಾತ್ರ ಮಿಂಚುತ್ತದೆ. ಅದು ಚೆಂದವೇ. ತಿಳಿ ಗೋಧಿಬಣ್ಣದ ಕೂದಲು ಬೇಕೇ ಬೇಕು ಎಂದು ಸಿನಿಮಾ ನಟಿಯ ಫೋಟೊ ಹಿಡಿದು ಬರುವ ಹುಡುಗಿಯರಿಗೆ ಹೇಳುವುದಿಷ್ಟೇ: ಆಕೆಯ ತಲೆಯಲ್ಲಿ ಮೆಹಂದಿ ಇರಲಿಲ್ಲ. ಕೆಲವು ಸಲ ಆ ಕೂದಲೂ ಆಕೆಯದಾಗಿರುವುದಿಲ್ಲ.

ನರೆಗೆ ಮರಳಬೇಕೆಂದಿರುವ ಅಕ್ಕಂದಿರ ಲೆಕ್ಕ ಸುಲಭ, ದಾರಿ ದೀರ್ಘ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಭುಜದವರೆಗಿನ ಕೂದಲಾದರೆ ಬಣ್ಣ ಪೂರ್ತಿ ಕತ್ತರಿಯಿಂದ ಹೊರಹೋಗಲು ಎರಡು ವರ್ಷದ ಮೇಲೆ ಬೇಕು. ಬೈತಲೆಯಲ್ಲಿ ಬಿಳಿ ಗೆರೆ ಕಾಣುವ ಮೊದಲ ನಾಲ್ಕೈದು ತಿಂಗಳೇ ಕಷ್ಟ. ಆಗ ಬೈತಲೆಯನ್ನು ನೇರಕ್ಕೆ ತೆಗೆಯಬೇಡಿ, ಅಂಕುಡೊಂಕಾಗಿ ತೆಗೆಯಿರಿ, ಬಿಳಿ ಕಪ್ಪು ಬೆರೆತು ಗೆರೆ ಕಾಣುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸಿ. ಬೇಕಿದ್ದರೆ ಬಿಳಿಗೂದಲ ಸುತ್ತ ಸಣ್ಣ ಸಣ್ಣ ಎಳೆಗಳನ್ನು ಪಾರ್ಲರಿನಲ್ಲಿ ತಿಳಿ ಮಾಡಿಸಿ, ಮೆಹಂದಿ ಇಲ್ಲದಿದ್ದರೆ ಮಾತ್ರ. ಆ ಸಮಯದಲ್ಲಿ "ಅಯ್ಯೋ, ಏನಾಯ್ತೇ ನಿನಗೆ, ಹುಷಾರಿಲ್ವಾ" ಎಂದು ಕೇಳುವ ಅತ್ತೆ, ನಾದಿನಿ, ಓರಗಿತ್ತಿಯರಿಗೆ ಏನು ಉತ್ತರ ಕೊಡಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಬಣ್ಣ ಬಿಟ್ಟು ಮತ್ತೆ ಹಚ್ಚಿಕೊಂಡ ಬಹುಪಾಲು ಜನ ಸೋತದ್ದು ಕನ್ನಡಿಗಲ್ಲ, ಇವರಿಗೆ.

ನಮ್ಮ ಕಸುಬಿನವರನ್ನು ಬಿಟ್ಟರೆ ಈ ಪತ್ರ ಏಕಪಕ್ಷೀಯವಾದೀತು. ಹಿಂದೆ ಏನು ಹಚ್ಚಿದ್ದಿರಿ ಎಂದು ಕೇಳದೆಯೇ ಬ್ಲೀಚ್ ಕಲಸಲು ಶುರು ಮಾಡುವ ಪಾರ್ಲರುಗಳಿವೆ. ಕೇಳಿದರೆ ಗಿರಾಕಿ ಎದ್ದು ಹೋದಾರು ಎಂಬ ಭಯ. ನಮ್ಮಲ್ಲಿ ಕೆಲಸ ಕಲಿಯುವ ಹುಡುಗಿಯರು ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ಆ ಪುಡಿ ಉಸಿರಾಡಿ, ಪರ್‌ಸಲ್ಫೇಟಿನಿಂದ ಆಸ್ತಮಾ ಹಚ್ಚಿಕೊಳ್ಳುವುದೂ ಇದೆ. ಹಾಗಾಗಿ ಪಾರ್ಲರಿಗೆ ಬಂದರೆ ಎಲ್ಲ ಸರಿಯಾಗುತ್ತದೆ ಎಂದೇನೂ ನಾನು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಅವರು ಕೇಳದಿದ್ದರೆ ನೀವೇ ಹೇಳಿ: ಎರಡು ವರ್ಷದಲ್ಲಿ ಏನೇನು ಹಚ್ಚಿದ್ದೀರಿ, ಯಾವಾಗ, ಸ್ಟ್ರೈಟನಿಂಗ್ ಆಗಿದೆಯೇ, ಬಾಣಲೆ ಕಬ್ಬಿಣದ್ದೇ. ನಾಚಿಕೆಪಟ್ಟು ಮೆಹಂದಿಯನ್ನು ಮುಚ್ಚಿಡಬೇಡಿ. ಮೊದಲು ಎಳೆಗೂದಲ ಪರೀಕ್ಷೆ ಮಾಡಿ ಎಂದು ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ, ಅಡ್ವಾನ್ಸ್ ಹೋದರೆ ಹೋಗಲಿ.

ಮತ್ತೆ, ಮದುವೆ ಹೆಣ್ಣಾಗಿದ್ದರೆ ಮುಹೂರ್ತಕ್ಕೆ ಮೂರು ತಿಂಗಳು ಇರುವಾಗಲೇ ಬನ್ನಿ. ಬರುವಾಗ ಪ್ಯಾಕೆಟ್ಟು ತನ್ನಿ. ಎಸೆದಿದ್ದರೆ ಅಂಗಡಿಗೆ ಹೋಗಿ ಅದೇ ಪ್ಯಾಕೆಟ್ಟಿನ ಫೋಟೊ ತೆಗೆದುಕೊಳ್ಳಿ, ಅಂಗಡಿಯವನು ಏನಂದುಕೊಂಡರೂ ಚಿಂತೆಯಿಲ್ಲ. ಮುಂಬದಿಯದು ಬೇಡ, ಹಿಂಬದಿಯದು.

ಇಂತಿ ನಿಮ್ಮ,
ಜಿಲ್ಲಾ ಕೇಂದ್ರವೊಂದರ ಪಾರ್ಲರ್ ಅಕ್ಕ